ನದಿ ತಪ್ಪಿದ ಪರದೆ

ಆ ಊರಿನ ನದಿಯನ್ನು ಮೈಗಳು ದಾಟುವುದಿಲ್ಲ, ನೆರಳುಗಳು ದಾಟುತ್ತವೆ. ಮದುವೆಯಾದ ಹುಡುಗಿಯರು ಮಾತ್ರ ಒಮ್ಮೆ ದೋಣಿ ಹತ್ತಿ ಆಚೆ ದಡಕ್ಕೆ ಹೋಗುತ್ತಾರೆ, ಆಮೇಲೆ ಅವರೂ ನೆರಳುಗಳೇ. ಹೋದ ದೋಣಿ ಯಾಕೆ ಖಾಲಿಯಾಗಿ ಬರುತ್ತದೆ, ಕೂಗಿದ ಕೂಗು ಯಾಕೆ ನಡುನೀರಿನಲ್ಲಿ ನಿಂತುಬಿಡುತ್ತದೆ ಎಂದು ನೀವು ಕೇಳಿದರೆ ಊರಿನವರು ನಿಮ್ಮ ಮುಖವನ್ನೇ ನೋಡುತ್ತಾರೆ. ಕೇಳಿ ಕೇಳಿ ಸುಸ್ತಾದವರ ಮುಂದೆ ಮತ್ತೆ ಕೇಳುವುದು ನನಗೂ ಸರಿಕಾಣುವುದಿಲ್ಲ. ಆದ್ದರಿಂದ ಅದನ್ನು ಹಾಗೇ ಬಿಡೋಣ.

ಸಂಜೆಯಾಗುತ್ತದೆ. ಒಲೆಯ ಬೆಂಕಿಯಿಂದ ದೀಪ ಹಚ್ಚುತ್ತಾರೆ. ಕೈಪರದೆ ಎತ್ತಿಕೊಂಡು ದಡಕ್ಕೆ ಇಳಿಯುತ್ತಾರೆ. ಕೈಪರದೆ ಎಂದರೆ ಮಡಿಲಲ್ಲಿ ಹಿಡಿಯುವಷ್ಟು ಚೌಕಟ್ಟು, ಅದಕ್ಕೆ ಬಿಗಿದ ತೆಳ್ಳನೆಯ ಬಟ್ಟೆ, ಹಿಂದೆ ದೀಪ ಇಡಲು ಒಂದು ಪುಟ್ಟ ಗೂಡು. ದೀಪಕ್ಕೂ ಬಟ್ಟೆಗೂ ನಡುವೆ ತೊಗಲುಗೊಂಬೆ ಹಿಡಿದು ಆಡಿಸುತ್ತಾರೆ. ಹುಲಿ ಇರುವವರು ಹುಲಿ ಆಡಿಸುತ್ತಾರೆ, ಕುದುರೆ ಇರುವವರು ಕುದುರೆ. ಸ್ವಲ್ಪ ಹೊತ್ತಿಗೆ ಆಚೆ ದಡದವರ ಗೊಂಬೆಯ ನೆರಳು ನೀರಿನ ಮೇಲೆ ಹಾದು ಬಂದು ಇದೇ ಬಟ್ಟೆಯ ಮೇಲೆ ನಿಲ್ಲುತ್ತದೆ. ಆಮೇಲೆ ಎರಡೂ ನೆರಳುಗಳು ಆಡುತ್ತವೆ, ಕಾದಾಡುತ್ತವೆ, ಮುನಿಸಿಕೊಳ್ಳುತ್ತವೆ. ದಿನವೂ ಇದೇ ಮಾಡಿದರೆ ಬೇಸರವಾಗುವುದಿಲ್ಲವೇ ಎಂದರೆ, ಆಗುತ್ತದೆ. ದಿನವೂ ಉಣ್ಣುವುದೂ ಬೇಸರವೇ, ಬಿಟ್ಟವರು ಯಾರೂ ಇಲ್ಲ.

ಒಲೆಗೆ ಒಂದೇ ಕೈಪರದೆ. ಒಲೆ ಹಾಕಿದ ದಿನ ಅದು ಮನೆಗೆ ಬರುತ್ತದೆ, ಒಲೆ ಆರಿದ ದಿನ ಹೋಗುತ್ತದೆ. ಗೊಂಬೆಗಳನ್ನು ಕತ್ತರಿಸುವ ಹಕ್ಕು ಊರ ನಡುವಿನ ಗೊಂಬೆಮನೆಗೆ ಮಾತ್ರ. ಅವರು ಪ್ರತಿ ಗೊಂಬೆಯ ಮೈಯಲ್ಲೂ ಬೆಳಕು ತೂರಿ ಬರಲೆಂದು ಸಣ್ಣ ಸಣ್ಣ ತೂತು ಕೊರೆಯುತ್ತಾರೆ, ಒಂದರ ತೂತಿನ ಹಾಗೆ ಇನ್ನೊಂದರದು ಇರುವುದಿಲ್ಲ. ನದಿ ಗೊಂಬೆಯನ್ನು ಗುರುತಿಸುವುದು ಆ ತೂತುಗಳಿಂದ. ಒಂದೇ ಸಂಜೆ ಒಂದೇ ತೂತಿನ ಎರಡು ಗೊಂಬೆಗಳು ದಡದಲ್ಲಿ ಕಂಡವೋ, ಎರಡೂ ಮನೆಯವರ ಪರದೆ ಕಪ್ಪಾಗುತ್ತದೆ. ದೀಪ ಉರಿಯುತ್ತಲೇ ಇರುತ್ತದೆ, ಬಟ್ಟೆ ಹರಿದಿರುವುದಿಲ್ಲ, ಮನೆಗೆ ಒಯ್ದರೆ ಗೊಂಬೆ ಎಂದಿನಂತೆ ಕುಣಿಯುತ್ತದೆ. ದಡಕ್ಕೆ ತಂದರೆ ಮಾತ್ರ ಮಸಿ. ಅಂಥ ಮನೆಯನ್ನು ನದಿ ತಪ್ಪಿದ ಮನೆ ಎನ್ನುತ್ತಾರೆ. ನದಿ ತಪ್ಪಿದವರ ಕೈ ಇನ್ನೊಬ್ಬರ ಬೆಳಗುವ ಪರದೆಗೆ ತಾಗಿದರೆ ಅದೂ ಕಪ್ಪಾಗುತ್ತದೆ, ಹಾಗಾಗಿ ದಡದಲ್ಲಿ ಅವರ ಪಕ್ಕ ಯಾರೂ ಕೂರುವುದಿಲ್ಲ.

ಹಾಗಂತ ಊರಿನಲ್ಲಿ ನಕಲು ಗೊಂಬೆ ಇರಲಿಲ್ಲವೆಂದು ತಿಳಿಯಬೇಡಿ. ಒಂದು ತುಂಡು ಆಡಿನ ತೊಗಲು, ಒಂದು ಚೂಪಾದ ಉಳಿ, ಒಂದು ಮಧ್ಯಾಹ್ನದ ಬಿಡುವು ಇದ್ದರೆ ಸಾಕು, ಎಂಥವರೂ ಅಚ್ಚು ತೆಗೆಯುತ್ತಿದ್ದರು. ಎರವಲು ತಂದ ಗೊಂಬೆ ವಾಪಸು ಹೋಗುವಷ್ಟರಲ್ಲಿ ಅದರ ತಮ್ಮ ಮಾಡಿನಲ್ಲಿ ಹುಟ್ಟಿರುತ್ತಿದ್ದ. ನೆರೆಯವರು ನೋಡಿಯೂ ನೋಡದ ಹಾಗಿರುತ್ತಿದ್ದರು, ಅವರ ಮಾಡಿನಲ್ಲೂ ಒಂದಿರುತ್ತಿತ್ತಲ್ಲ. ಮನೆಯ ನೆರಳು ಮನೆಯೊಳಗೇ ಇದ್ದರೆ ನದಿಯ ಗಂಟೇನು ಹೋಯಿತು ಎಂಬುದು ಊರಿನ ನ್ಯಾಯ. ಗೊಂಬೆಮನೆಗೂ ಇದು ಗೊತ್ತಿತ್ತು.

ಈ ಊರಿನಲ್ಲಿ ಒಬ್ಬ ಬುಟ್ಟಿ ಹೆಣೆಯುವವಳಿದ್ದಳು. ಬಿದಿರು ಸೀಳಿ ಸೀಳಿ ಬೆರಳುಗಳೆಲ್ಲ ಗಾಯದ ಕಲೆ, ಮಾತು ಕಡಿಮೆ, ಒಲೆಯ ಮುಂದೆ ಅವಳೊಬ್ಬಳೇ. ಅವಳಿಗೆ ಇದ್ದವಳೆಂದರೆ ಆಚೆ ದಡಕ್ಕೆ ಮದುವೆಯಾಗಿ ಹೋದ ತಂಗಿ. ತಂಗಿ ದೋಣಿ ಹತ್ತುವ ಮುಂಚೆ ಇಬ್ಬರೂ ಗೊಂಬೆಮನೆಗೆ ಹೋಗಿ ಒಂದು ಜೋಡಿ ತಂದುಕೊಂಡಿದ್ದರು. ಅಕ್ಕನಿಗೆ ಬೆಳ್ಳಕ್ಕಿ, ತಂಗಿಗೆ ಎಮ್ಮೆ. ಬೆಳ್ಳಕ್ಕಿ ಎಮ್ಮೆಯ ಬೆನ್ನಿನ ಮೇಲೆ ಕೂರಬೇಕು, ಎಮ್ಮೆ ಮುಳುಗಿ ತಪ್ಪಿಸಿಕೊಳ್ಳಬೇಕು. ಇಷ್ಟೇ ಆಟ, ಇದರಲ್ಲಿ ಗೆಲುವೂ ಇಲ್ಲ ಸೋಲೂ ಇಲ್ಲ. ಊರಿನವರಿಗೆ ಯುದ್ಧದ ಆಟಗಳ ಹುಚ್ಚು ಹಿಡಿದ ಮೇಲೆ ಬೆಳ್ಳಕ್ಕಿ ಆಡಿಸುವವರು ಈ ದಡದಲ್ಲಿ ಅವಳೊಬ್ಬಳೇ ಉಳಿದಳು, ಎಮ್ಮೆ ಆಡಿಸುವವರು ಆ ದಡದಲ್ಲಿ ತಂಗಿಯೊಬ್ಬಳೇ. ಸಂಜೆಯಾದರೆ ಎಮ್ಮೆ ಬೆಳ್ಳಕ್ಕಿಯನ್ನು ಹುಡುಕಿಕೊಂಡು ಬರುತ್ತಿತ್ತು.

ಅಕ್ಕತಂಗಿಯರ ಮಾತುಕತೆಯೆಲ್ಲ ಆ ಎಮ್ಮೆಯ ನಡೆಯಲ್ಲೇ. ಬಾಲ ಬೀಸಿದರೆ ಗಂಡನ ಮೇಲೆ ಸಿಟ್ಟು, ಕೋಡು ಆಡಿಸಿದರೆ ಅತ್ತೆಯ ಮೇಲೆ. ಎಮ್ಮೆ ಮುಳುಗದೆ ಸುಮ್ಮನೆ ಮಲಗಿ ಬೆಳ್ಳಕ್ಕಿಗೆ ಬೆನ್ನು ಕೊಟ್ಟರೆ ತಂಗಿ ಬಸುರಿ ಎಂದು ಅರ್ಥ. ಹಿಂದೆಯೂ ಎಮ್ಮೆ ಹಾಗೆ ಮಲಗಿತ್ತು. ಹಿಂದೆಯೂ ಬೆಳ್ಳಕ್ಕಿ ದಿನವೂ ಅದರ ಬೆನ್ನ ಮೇಲೆ ಹಿಗ್ಗಿ ಕೂತಿತ್ತು. ಆಮೇಲೊಂದು ಸಂಜೆ ಎಮ್ಮೆ ಎದ್ದು, ಮುಖ ತಿರುಗಿಸಿ, ನಿಂತೇ ಇತ್ತು. ಒಂದಲ್ಲ, ಎರಡು ಸಲ ಹಾಗಾಯಿತು. ಎರಡನೆಯ ಸಲ ತಂಗಿಯ ಜೀವವೇ ಹೋಗುವುದರಲ್ಲಿತ್ತು ಎಂದು ಎಮ್ಮೆಯ ನಡುಗುವ ಕಾಲು ಹೇಳಿತು.

ಈಗ ಎಮ್ಮೆ ಮೂರನೆಯ ಸಲ ಮಲಗಿತ್ತು.

ಸರಿಯಾಗಿ ಆ ದಿನಗಳಲ್ಲೇ ಬೆಳ್ಳಕ್ಕಿಯ ಕತ್ತು ಮುರಿಯಿತು. ಯಾರ ತಪ್ಪೂ ಅಲ್ಲ. ವರ್ಷಗಟ್ಟಲೆ ದೀಪದ ಕಾವು ಕುಡಿದ ತೊಗಲು ಒಣಗಿ ಒಣಗಿ ಒಂದು ದಿನ ಹಪ್ಪಳದ ಹಾಗೆ ಪಟ್ ಎಂದಿತು. ಬುಟ್ಟಿಯವಳು ಎರಡು ತುಂಡನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಗೊಂಬೆಮನೆಗೆ ಹೋದಳು. ಗೊಂಬೆಮನೆಯ ಗೋಡೆಯಲ್ಲಿ ಒಂದು ಕಿಂಡಿ ಇದೆ. ಕಿಂಡಿಯಲ್ಲಿ ಮುಖ ಕಾಣುವುದಿಲ್ಲ, ದನಿ ಬರುತ್ತದೆ. ಬಹಳ ಸಂಭಾವಿತ ದನಿ.

"ಬೆಳ್ಳಕ್ಕಿ ಕತ್ತರಿಸುವುದನ್ನು ನಿಲ್ಲಿಸಿದ್ದೇವೆ, ತಾಯಿ," ಎಂದಿತು ದನಿ. "ಕೇಳುವವರಿಲ್ಲ. ಹೊಸದಾಗಿ ಆನೆಯ ಮೇಲಿನ ಸೇನಾಪತಿ ಬಂದಿದ್ದಾನೆ. ಕೈಕಾಲು ಎಲ್ಲ ಬೇರೆ ಬೇರೆ ಆಡುತ್ತವೆ."

"ನನ್ನ ತಂಗಿ ಹತ್ರ ಇರೋದು ಎಮ್ಮೆ. ಎಮ್ಮೆ ಬೆನ್ನಮೇಲೆ ಆನೆ ಕೂರಿಸಲಾ?"

"ತಮ್ಮ ತಂಗಿಯವರಿಗೂ ಒಂದು ಸೇನಾಪತಿ ಕೊಳ್ಳಲು ಹೇಳಬಹುದು."

"ಹೇಳೋದು ಹೇಗೆ? ಬೆಳ್ಳಕ್ಕಿನೇ ಇಲ್ಲವಲ್ಲ."

"ತಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ," ಎಂದಿತು ದನಿ, ಕಿಂಡಿ ಮುಚ್ಚಿತು. ಜಗಳಗಂಟರ ಜೊತೆ ಜಗಳವಾಡಬಹುದು, ಇಷ್ಟು ಸಂಭಾವಿತ ದನಿಯ ಜೊತೆ ಆಡುವುದು ಹೇಗೆ? ಅವಳು ಮನೆಗೆ ಬಂದಳು.

ಊರ ಹೊರಗೆ ಸುಣ್ಣದ ಗೂಡು. ಅಲ್ಲಿ ಸುಣ್ಣ ಸುಡುವವನೊಬ್ಬ, ಅವನ ಮುದಿ ತಾಯಿಯೊಬ್ಬಳು. ಅವರ ಮನೆಯಲ್ಲಿ ಒಂದು ಹಳೆಯ ಬೆಳ್ಳಕ್ಕಿ ಇದೆಯೆಂದು ಯಾರೋ ಹೇಳಿದರು. ಬುಟ್ಟಿಯವಳು ಹೋಗಿ ಕೇಳಿದಳು. ಸುಣ್ಣದವನ ಬುಟ್ಟಿಗಳೆಲ್ಲ ಸುಣ್ಣ ತಿಂದು ತೂತುಬಿದ್ದಿದ್ದವು, ಅವನಿಗೆ ಬುಟ್ಟಿ ಬೇಕಿತ್ತು. ಬೆಳ್ಳಕ್ಕಿಯ ಬದಲಿಗೆ ಬುಟ್ಟಿ ಎಂದು ಮಾತಾಯಿತು.

"ನಾಳೆ ಬಾ ಅಕ್ಕ, ಎಣ್ಣೆ ಹಚ್ಚಿ ಒಣಗಿಸಿ ಕೊಡ್ತೀನಿ," ಎಂದ ಸುಣ್ಣದವನು. ಮರುದಿನ ಕೊಟ್ಟ. ಅವನ ಮನೆಯಲ್ಲಿ ಸೂರು, ಮಂಚ, ಮಡಕೆ, ತಾಯಿಯ ರೆಪ್ಪೆ ಎಲ್ಲದರ ಮೇಲೂ ಸುಣ್ಣದ ಪುಡಿ. ಬೆಳ್ಳಕ್ಕಿಯ ಮೇಲೂ ಇತ್ತು. ಬುಟ್ಟಿಯವಳು ಸೆರಗಿನಿಂದ ಒರೆಸಿಕೊಂಡಳು.

ಆ ಸಂಜೆ ಎಮ್ಮೆ ಬಂದು, ಹೊಸ ಬೆಳ್ಳಕ್ಕಿಯನ್ನು ಕಂಡು ಸ್ವಲ್ಪ ಹೊತ್ತು ತಲೆ ಓರೆ ಮಾಡಿ ನಿಂತಿತು. ಅಕ್ಕ ಎಂದಿನಂತೆ ರೆಕ್ಕೆ ಬಡಿದಳು. ಎಮ್ಮೆ ಮಲಗಿತು, ಬೆಳ್ಳಕ್ಕಿ ಬೆನ್ನೇರಿತು. ಬೆಳಕು ಯಾಕೋ ಮಂಕಾಗಿತ್ತು. ಬತ್ತಿ ಬದಲಾಯಿಸಿದಳು, ಎಣ್ಣೆ ಬದಲಾಯಿಸಿದಳು, ಆದರೂ ಮಂಕು. ವಯಸ್ಸಾಯಿತು, ಕಣ್ಣು ಮಬ್ಬಾಗುತ್ತಿದೆ ಎಂದುಕೊಂಡಳು. ತಪ್ಪು ಎಲ್ಲಿದ್ದರೂ ಮೊದಲು ತನ್ನಲ್ಲೇ ಹುಡುಕುವ ಜಾತಿ ಅವಳದು. ಇಂಥವರಿಂದಲೇ ಲೋಕದ ಕಿಂಡಿಗಳೆಲ್ಲ ನೆಮ್ಮದಿಯಾಗಿವೆ.

ಎಮ್ಮೆ ದಿನದಿನಕ್ಕೆ ನಿಧಾನವಾಯಿತು. ನೆರಳು ಬರುವಾಗ ಏದುಸಿರು ಬಿಡುವುದು ಕಾಣುತ್ತಿತ್ತು. ಒಂದು ಸಂಜೆ ಬಂದು ಮಲಗಲೂ ಆಗದೆ, ನಿಲ್ಲಲೂ ಆಗದೆ, ಮುಂಗಾಲು ಮಡಿಸಿ ತಲೆ ತಗ್ಗಿಸಿತು. ಅಕ್ಕನಿಗೆ ತಿಳಿಯಿತು. ಇಂದೋ ನಾಳೆಯೋ. ಬೆಳ್ಳಕ್ಕಿ ಅದರ ಹಣೆಯ ಹತ್ತಿರ ಕೊಕ್ಕು ಒಯ್ದು ಹಾಗೇ ಇತ್ತು. ಹೆದರಬೇಡ, ನಾಳೆಯೂ ಬರುತ್ತೇನೆ, ನೀನು ಬರದಿದ್ದರೂ ನಾನು ಬಂದು ಕೂತಿರುತ್ತೇನೆ ಎಂದು ಅದರ ಅರ್ಥ.

ಮಾರನೆಯ ಸಂಜೆ ದೀಪ ಹಚ್ಚಿದಳು. ಪರದೆ ಎತ್ತಿಕೊಂಡು ದಡಕ್ಕೆ ಇಳಿದಳು. ಬೆಳ್ಳಕ್ಕಿ ಹಿಡಿದಳು. ನೀರಿನ ಮೇಲೆ ಏನೋ ನೆರಳು ಹೊರಟಿತ್ತು, ಎಮ್ಮೆಯದೋ ಇನ್ನಾರದೋ, ನೋಡನೋಡುತ್ತ ಅವಳ ಬಟ್ಟೆ ನಾಲ್ಕು ಅಂಚಿನಿಂದ ಕಪ್ಪಾಗುತ್ತ ಬಂದು ನಡುವಿನಲ್ಲಿ ಮುಚ್ಚಿಕೊಂಡಿತು. ದೀಪ ಮುಟ್ಟಿ ನೋಡಿದಳು, ಸುಟ್ಟಿತು. ದೀಪ ಇತ್ತು. ಬೆಳಕು ಇರಲಿಲ್ಲ.

ಪಕ್ಕದಲ್ಲಿ ಹುಲಿ ಆಡಿಸುತ್ತಿದ್ದ ಅಗಸಗಿತ್ತಿ ತಟ್ಟನೆ ಪರದೆಯನ್ನು ಎದೆಗವಚಿಕೊಂಡು ಎದ್ದಳು.

"ಮುಟ್ಟಬೇಡ ಕಣವ್ವ, ನಿನ್ನ ಕಾಲಿಗೆ ಬೀಳ್ತೀನಿ."

"ನಾನೇನು ಮಾಡಿದೆ?"

"ಏನು ಮಾಡಿದ್ಯೋ ನಂಗೇನು ಗೊತ್ತು. ನನ್ನ ಮಗಳು ಆಚೆ ದಡದಲ್ಲವ್ಳೆ, ನಂಗೆ ಅವಳು ಬೇಕು."

ಹತ್ತಿರವಿದ್ದವರೆಲ್ಲ ಪರದೆ ಎತ್ತಿಕೊಂಡು ದೂರ ಸರಿದರು. ಅವರು ಕೆಟ್ಟವರೇನಲ್ಲ. ಆಚೆ ದಡದಲ್ಲಿ ಅವರೆಲ್ಲರಿಗೂ ಯಾರೋ ಒಬ್ಬರು ಇದ್ದೇ ಇದ್ದರು. ಬುಟ್ಟಿಯವಳ ಸುತ್ತ ಮರಳು ಖಾಲಿಯಾಯಿತು. ಆ ಹೊತ್ತಿನಲ್ಲೇ, ದಡದ ಇನ್ನೊಂದು ತುದಿಯಲ್ಲೂ ಹಾಗೇ ಜನ ಸರಿಯುತ್ತಿದ್ದರು, ಅವಳು ಅದನ್ನು ನೋಡಲಿಲ್ಲ. ತಂಗಿ ಹೆತ್ತಳೋ, ಹೆರದೆ ಹೋದಳೋ, ಇದ್ದಾಳೋ ಇಲ್ಲವೋ ತಿಳಿಯುವ ಒಂದೇ ದಾರಿ ಮಸಿ ಬಳಿದ ಬಟ್ಟೆಯಾಗಿ ಅವಳ ಮಡಿಲಲ್ಲಿತ್ತು. ಆಮೇಲೆ ಅವಳು ಅಳುತ್ತ ಮನೆಗೆ ಹೋದಳು.

ಬೆಳಿಗ್ಗೆ ಕಿಂಡಿಯ ಮುಂದೆ ನಿಂತಳು. ಅವಳ ಮುಂದೆ ಜನ ಇದ್ದರು, ಎಲ್ಲರ ಕಂಕುಳಲ್ಲೂ ನದಿ ತಪ್ಪಿದ ಪರದೆ. ಒಬ್ಬೊಬ್ಬರು ಹೇಳುವುದೂ ಒಂದೇ, ಕಿಂಡಿ ಹೇಳುವುದೂ ಒಂದೇ. ಅವಳ ಸರದಿ ಬರುವ ಹೊತ್ತಿಗೆ ತಾನು ಏನು ಹೇಳಬೇಕು, ಅದಕ್ಕೆ ಏನು ಉತ್ತರ ಬರುತ್ತದೆ ಎರಡೂ ಅವಳಿಗೆ ಬಾಯಿಪಾಠವಾಗಿತ್ತು. ಆದರೂ ಹೇಳಿದಳು.

"ನಾನು ಅಚ್ಚು ತೆಗೆದಿಲ್ಲ ಸ್ವಾಮಿ. ಬುಟ್ಟಿ ಕೊಟ್ಟು ತಗೊಂಡ ಗೊಂಬೆ. ನನ್ನ ತಂಗಿ ಹೆರಿಗೆ ಸಮಯ. ನನಗೆ ಶಿಕ್ಷೆ ಕೊಡೋದಾದ್ರೆ ಆಮೇಲೆ ಕೊಡಿ, ಈಗೊಂದು ನಾಲ್ಕು ದಿನ ಪರದೆ ಬಿಟ್ಟುಕೊಡಿ."

"ತಮಗೆ ಶಿಕ್ಷೆಯೇನೂ ಇಲ್ಲ, ತಾಯಿ. ಶಿಕ್ಷೆ ಪರದೆಗೆ."

"ಪರದೆ ಅಳಲ್ಲ. ನಾನು ಅಳ್ತಿದೀನಿ."

"ಒಂದೇ ತೂತಿನ ಗೊಂಬೆ ದಡದಲ್ಲಿ ಎರಡು ಕಂಡಿವೆ. ಇನ್ನೊಂದು ಯಾರ ಹತ್ತಿರ ಇದೆಯೋ ಅವರನ್ನೂ, ಆ ಗೊಂಬೆಯನ್ನೂ ಕರೆದುಕೊಂಡು ಬನ್ನಿ. ನಿಜದ ಗೊಂಬೆ ಯಾವುದೆಂದು ನೋಡುತ್ತೇವೆ. ನಿಜದ್ದನ್ನು ಹಿಡಿದವರ ಪರದೆ ತೆರೆಯುತ್ತದೆ, ನಕಲನ್ನು ಹಿಡಿದವರದು ಇನ್ನು ಎಂದೂ ಇಲ್ಲ, ನಕಲನ್ನು ಸುಡುತ್ತೇವೆ."

ಅವಳು ಅಲ್ಲಿಂದಲೇ ಸುಣ್ಣದ ಗೂಡಿಗೆ ನಡೆದಳು. ದಾರಿಯುದ್ದಕ್ಕೂ ಬಯ್ಯಬೇಕಾದ ಬೈಗುಳಗಳನ್ನು ಜೋಡಿಸಿಕೊಂಡು ಹೋದಳು. ಸುಣ್ಣದವನು ಗೂಡಿನ ಮುಂದೆ ನದಿ ತಪ್ಪಿದ ಪರದೆಯನ್ನು ಎದುರಿಗಿಟ್ಟುಕೊಂಡು ಕೂತಿದ್ದ. ಅವನನ್ನು ನೋಡಿದ ಮೇಲೆ ಬೈಗುಳ ಒಂದೂ ನೆನಪಾಗಲಿಲ್ಲ.

"ಅಚ್ಚು ತೆಗೆದು ಆಮೇಲೆ ನನಗೆ ಕೊಟ್ಟೆ ಅಲ್ವೇನೋ?"

"ತೆಗೆದೆ ಅಕ್ಕ." ಅವನು ತಲೆ ಎತ್ತಲಿಲ್ಲ. "ಅವ್ವ ಮಂಚ ಹಿಡಿದು ಎಷ್ಟು ಕಾಲ ಆಯ್ತು. ಸಂಜೆ ಆದ್ರೆ ಬೆಳ್ಳಕ್ಕಿ ಕೊಡು ಅಂತಾಳೆ. ಆಡಿಸೋಕೆ ಎಮ್ಮೆ ಇಲ್ಲ, ಏನಿಲ್ಲ, ಸುಮ್ಮನೆ ಗೋಡೆ ತುಂಬ ಹಾರಿಸ್ತಾಳೆ. ಬುಟ್ಟಿನೂ ಬೇಕಿತ್ತು, ಬೆಳ್ಳಕ್ಕಿನೂ ಬೇಕಿತ್ತು. ಮನೆ ಒಳಗೆ ತಾನೇ ಅಂದ್ಕೊಂಡೆ."

"ಮನೆ ಒಳಗೆ ಇದ್ದಿದ್ದು ದಡಕ್ಕೆ ಯಾಕೆ ಬಂತು?"

ಉತ್ತರ ಒಳಗಿನಿಂದ ಬಂತು. ಮಂಚದ ಮೇಲಿದ್ದ ಮುದುಕಿಗೆ ಕಿವಿ ಮಂದ, ಆದರೆ ತನ್ನ ವಿಷಯವೇ ನಡೆಯುತ್ತಿದೆಯೆಂದು ಮುಖಗಳಿಂದಲೇ ತಿಳಿದಿತ್ತು. "ನಾನೇ ಕಣಮ್ಮ ಹೇಳಿದ್ದು, ಒಂದಿನ ನೀರಿನ ಗಾಳಿ ತೋರ್ಸೋ ಅಂತ. ಬೆನ್ನಮೇಲೆ ಹೊತ್ಕೊಂಡು ಹೋದ. ದಡಕ್ಕೆ ಹೋದಮೇಲೆ ದೀಪ ಹಚ್ಚದೆ ಯಾರಾದ್ರೂ ಕೂತ್ಕೊತಾರಾ? ಹಚ್ಚಿದೆ. ಕೈ ತಾನೇ ಹೋಯ್ತು."

ಬುಟ್ಟಿಯವಳು ಹೊಸ್ತಿಲ ಮೇಲೆ ಕುಸಿದು ಕೂತಳು. ತಂಗಿಯ ವಿಷಯ ಹೇಳಿದಳು, ಎರಡು ಸಲ ಎಮ್ಮೆ ಮುಖ ತಿರುಗಿಸಿದ್ದನ್ನು ಹೇಳಿದಳು. ಕಿಂಡಿ ಹೇಳಿದ್ದನ್ನೂ ಮುಚ್ಚಿಡದೆ ಹೇಳಿದಳು. "ನೀನು ಬಂದು ಒಪ್ಪಿಕೊಂಡರೆ ನನ್ನ ಪರದೆ ತೆರೀತದೆ. ನಿಮ್ಮದು ಎಂದೂ ತೆರೆಯಲ್ಲ. ಅಷ್ಟೇ ಅಲ್ಲ, ನಕಲು ಬೆಳ್ಳಕ್ಕಿನ ಅವರು ಸುಡ್ತಾರೆ. ಅವ್ವನಿಗೆ ಗೋಡೆ ಮೇಲೆ ಹಾರಿಸೋಕೂ ಇರಲ್ಲ. ಎಲ್ಲ ಗೊತ್ತಿದ್ದೇ ಕೇಳ್ತಿದೀನಿ."

"ನಮಗೆ ಆಚೆ ದಡದಲ್ಲಿ ಯಾರಿದ್ದಾರೆ ಅಕ್ಕ," ಎಂದ ಸುಣ್ಣದವನು. "ಬರ್ತೀನಿ, ನಡಿ." ಗೂಟಕ್ಕೆ ನೇತುಹಾಕಿದ್ದ ಬೆಳ್ಳಕ್ಕಿಯನ್ನು ತೆಗೆದು, ಪುಡಿ ಕೊಡವಿ, ಹೆಗಲ ಮೇಲಿನ ಬಟ್ಟೆಯಲ್ಲಿ ಸುತ್ತಿಕೊಂಡ. ಮುದುಕಿ ನೋಡುತ್ತಿದ್ದಳು. ಬುಟ್ಟಿಯವಳಿಗೆ ಅವಳ ಕಡೆ ನೋಡಲು ಆಗಲಿಲ್ಲ. ಆದರೂ ನಡೆದಳು. ತಂಗಿಯ ಜೀವದ ಎದುರಿಗೆ ಮುದುಕಿಯ ಆಟ ಎಷ್ಟರದು ಎಂದು ದಾರಿಯಲ್ಲಿ ತನಗೆ ತಾನೇ ಹೇಳಿಕೊಂಡಳು, ಹೇಳಿಕೊಂಡಷ್ಟೂ ಕಾಲು ಭಾರವಾಯಿತು.

ಕಿಂಡಿಯ ಹಲಗೆಯ ಮೇಲೆ ಇಬ್ಬರೂ ತಮ್ಮ ತಮ್ಮ ಬೆಳ್ಳಕ್ಕಿಯನ್ನು ಇಟ್ಟರು. ಕತ್ತು ಒಂದೇ, ಕೊಕ್ಕು ಒಂದೇ, ತೂತಿಗೆ ತೂತು ಒಂದೇ. ಒಳಗಿನಿಂದ ಒಂದು ಕೈ ಬಂತು. ಒದ್ದೆ ಬಟ್ಟೆಯಿಂದ ಎರಡನ್ನೂ ಚೆನ್ನಾಗಿ ಒರೆಸಿತು. ಬಟ್ಟೆಗೆ ಬಿಳಿ ಸುಣ್ಣ ಅಂಟಿಕೊಂಡು ಬಂತು. ಆಮೇಲೆ ಒಂದೊಂದನ್ನೇ ದೀಪಕ್ಕೆ ಹಿಡಿಯಿತು. ಗೊಂಬೆಮನೆಯವರ ಹದ ಮಾಡಿದ ತೊಗಲಿನಲ್ಲಿ ಬೆಳಕು ಜೇನಿನ ಬಣ್ಣಕ್ಕೆ ಬರುತ್ತದೆ, ಆಡಿನ ತೊಗಲಿನಲ್ಲಿ ಕೆಸರಿನ ಬಣ್ಣಕ್ಕೆ.

ಸುಣ್ಣದವನು ತಂದ ಬೆಳ್ಳಕ್ಕಿ ಜೇನಿನ ಬಣ್ಣಕ್ಕೆ ಬೆಳಗಿತು. ಬುಟ್ಟಿಯವಳದು ಕೆಸರಾಗಿತ್ತು.

ಸುಣ್ಣದವನ ಬಾಯಿ ತೆರೆದೇ ಇತ್ತು. ಎಣ್ಣೆ ಹಚ್ಚಿದ ಎರಡು ಗೊಂಬೆಗಳನ್ನೂ ಅವನು ಗೂಡಿನ ಹಿಂದಿನ ಒಂದೇ ಹಗ್ಗದ ಮೇಲೆ ಒಣಗಲು ಹಾಕಿದ್ದ. ಎಣ್ಣೆಗೆ ಸುಣ್ಣದ ಪುಡಿ ಮೆತ್ತಿ ಹಳತು ಹೊಸತು ಎರಡೂ ಒಂದೇ ಬಿಳುಪಾಗಿದ್ದವು. ಯಾವುದೋ ಒಂದನ್ನು ತೆಗೆದು ಅಕ್ಕನ ಕೈಗೆ ಕೊಟ್ಟಿದ್ದ, ನಿಜದ್ದೆಂದೇ ನಂಬಿ ಕೊಟ್ಟಿದ್ದ. ಹುಟ್ಟಿದಾಗಿನಿಂದ ಎಲ್ಲವನ್ನೂ ಬಿಳಿಯಾಗಿಯೇ ಕಂಡವನು ಅವನು.

"ತೀರ್ಮಾನವಾಯಿತು," ಎಂದಿತು ದನಿ. "ಸುಣ್ಣದ ಮನೆಯ ಪರದೆ ಇಂದು ಸಂಜೆ ತೆರೆಯುತ್ತದೆ. ಬುಟ್ಟಿಯ ಮನೆಯದು ಇನ್ನು ತೆರೆಯುವುದಿಲ್ಲ."

"ಸ್ವಾಮಿ, ಅಚ್ಚು ತೆಗೆದವನು ನಾನು!" ಸುಣ್ಣದವನು ಕಿಂಡಿಗೆ ತಲೆ ಹಾಕಿ ಕೂಗಿದ. "ಈ ಅಕ್ಕನಿಗೆ ಏನೇನೂ ಗೊತ್ತಿಲ್ಲ. ಕಡಿಯೋದಾದ್ರೆ ನನ್ನ ಕೈ ಕಡೀರಿ."

"ಅಚ್ಚು ತೆಗೆದವರು ಯಾರೆಂದು ನಾವು ಕೇಳುವುದಿಲ್ಲ. ನಕಲನ್ನು ದಡಕ್ಕೆ ತಂದವರು ಯಾರೆಂದು ಮಾತ್ರ ನೋಡುತ್ತೇವೆ. ತಿಳಿದು ತಂದರೋ ತಿಳಿಯದೆ ತಂದರೋ ಅದು ಗೊಂಬೆಯ ಮೇಲೆ ಬರೆದಿರುವುದಿಲ್ಲ. ತಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ." ಒಳಗಿನಿಂದ ಚರ್ಮ ಸುಡುವ ವಾಸನೆ ಬಂತು. ಕಿಂಡಿ ಮುಚ್ಚಿತು.

ಬುಟ್ಟಿಯವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರಲಿಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕಾಗುತ್ತದೆ. ತಾನೇ ನಡೆದು ಹೋಗಿ, ತಾನೇ ಅವನನ್ನು ಕರೆತಂದು, ತಾನೇ ಹಲಗೆಯ ಮೇಲೆ ಇಟ್ಟು ಬಂದಿದ್ದಳು. ಅವಳು ಗೋಡೆಗೆ ಒರಗಿ ಕೂತಳು. ಹಿಂದೆ ಸಾಲಿನಲ್ಲಿದ್ದವರು ಅವಳನ್ನು ದಾಟಿಕೊಂಡು ಮುಂದೆ ಹೋದರು.

"ಏಳಕ್ಕ," ಎಂದ ಸುಣ್ಣದವನು. "ಬೆಳ್ಳಕ್ಕಿ ಕಂಡ್ರೆ ಎಮ್ಮೆ ಬಂದೇ ಬರ್ತದೆ ಅಂದ್ಯಲ್ಲ? ಊರಲ್ಲಿ ಈಗ ಬೆಳ್ಳಕ್ಕಿ ಇರೋದು ಒಂದೇ. ನೀನು ಮುಟ್ಟಬೇಡ. ದೂರ ಕೂತು ಹೇಳು, ಅವ್ವ ಆಡಿಸ್ತಾಳೆ."

ಸಂಜೆಯಾಯಿತು. ಸುಣ್ಣದ ಮನೆಯ ಒಲೆಯಿಂದ ದೀಪ ಹಚ್ಚಿದರು. ಸುಣ್ಣದವನು ತಾಯಿಯನ್ನು ಬೆನ್ನಿನ ಮೇಲೆ ಹೊತ್ತು, ಪರದೆಯನ್ನು ಕೊರಳಿಗೆ ಕಟ್ಟಿಕೊಂಡು ದಡಕ್ಕೆ ಇಳಿದ. ಬುಟ್ಟಿಯವಳು ಕೈಗಳನ್ನು ಸೆರಗಿನೊಳಗೆ ಬಿಗಿಯಾಗಿ ಸುತ್ತಿಕೊಂಡು, ಒಂದು ಮಾರು ಹಿಂದೆ ಬಂದಳು. ಮುದುಕಿಯನ್ನು ಮರಳಿನ ಮೇಲೆ ಕೂರಿಸಿದರು. ಬಟ್ಟೆ ಬೆಳಗಿತು. ಮುದುಕಿ ಬೆಳ್ಳಕ್ಕಿ ಹಿಡಿದಳು.

ನೀರಿನ ಮೇಲೆ ಏನೂ ಇರಲಿಲ್ಲ. ಬೇರೆಯವರ ಹುಲಿ ಬಂತು, ಕುದುರೆ ಬಂತು, ಸೇನಾಪತಿ ಬಂದ. ಎಮ್ಮೆ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಬಟ್ಟೆಯ ಒಂದು ಮೂಲೆಯಲ್ಲಿ ಒಂದು ಕೋಡು ಕಂಡಿತು. ಎಮ್ಮೆ ಅರ್ಧ ಬಂದು ನಿಂತಿತು. ಯಾರದೋ ಕೈಯಲ್ಲಿ ಇದ್ದಂತೆ ಗಟ್ಟಿಯಾಗಿ, ಮರದ ಹಾಗೆ ನಿಂತಿತ್ತು. ತಂಗಿಯೇ ಹಿಡಿದಿದ್ದಾಳೋ, ತಂಗಿ ಹೋದ ಮೇಲೆ ಅವಳ ಅತ್ತೆ ಹಿಡಿದಿದ್ದಾಳೋ?

"ಅವ್ವಾ, ರೆಕ್ಕೆ ಬಡೀರಿ!"

"ಆಂ?"

"ರೆಕ್ಕೆ! ರೆಕ್ಕೆ ಬಡೀರಿ!"

ದಡದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಇಷ್ಟು ವರ್ಷ ಇಬ್ಬರ ನಡುವೆ ಸದ್ದಿಲ್ಲದೆ ನಡೆದ ಮಾತನ್ನು ಈಗ ಗಂಟಲು ಹರಿದು ಕೂಗಬೇಕಾಗಿತ್ತು. ಮುದುಕಿ ಬೆಳ್ಳಕ್ಕಿಯನ್ನು ಮೇಲಕ್ಕೆ ಕೆಳಕ್ಕೆ ಕುಣಿಸಿದಳು. ಎಮ್ಮೆ ಹಿಂಜರಿಯಿತು. ಇದು ತನ್ನ ಬೆಳ್ಳಕ್ಕಿಯ ನಡೆಯಲ್ಲ ಎಂದು ಆಚೆಯವರಿಗೆ ಅನುಮಾನ ಬಂದಿತ್ತು.

"ಹಾಗಲ್ಲ ಅವ್ವ, ಹಣೆ ಹತ್ರ ಕೊಕ್ಕು ಒಯ್ಯಿರಿ. ಮೆಲ್ಲಗೆ. 'ಹೆತ್ಯೇನೇ, ಇದ್ದೀಯೇನೇ' ಅಂತ ಕೇಳೋ ಹಾಗೆ. ಮೆಲ್ಲಗೆ!"

"ಹೆತ್ಯೇನೇ!" ಎಂದು ಮುದುಕಿಯೂ ಬಟ್ಟೆಗೆ ಕೂಗಿದಳು, ಯಾರೋ ನಕ್ಕರು. ಕೊಕ್ಕು ಎಮ್ಮೆಯ ಹಣೆಗೆ ತಾಗಿತು.

ಎಮ್ಮೆ ಮರೆಯಾಯಿತು. ಬಟ್ಟೆ ಬರಿದಾಯಿತು.

ಆಮೇಲೆ ಬಟ್ಟೆಯ ಮೇಲೆ ಒಂದು ಕೈಯ ನೆರಳು ಬಂತು. ಗೊಂಬೆಯಲ್ಲ, ಬರಿಗೈ. ಆ ಊರಿನಲ್ಲಿ ಬರಿಗೈ ನೆರಳು ಬಿಡಬಾರದೆಂದು ಯಾರೂ ಹೇಳಿರಲಿಲ್ಲ, ಬಿಡಬಹುದೆಂದು ಯಾರಿಗೂ ಹೊಳೆದಿರಲೂ ಇಲ್ಲ. ಕಿರುಬೆರಳು ಸೊಟ್ಟಗಿತ್ತು. ತಂಗಿಯ ಕಿರುಬೆರಳು ಹುಟ್ಟಿನಿಂದ ಸೊಟ್ಟ. ಆ ಕೈ ಹೆಬ್ಬೆರಳು ತೋರುಬೆರಳುಗಳ ನಡುವೆ ಇನ್ನೊಂದು ಮಣಿಕಟ್ಟನ್ನು ಹಿಡಿದಿತ್ತು. ಅದರ ತುದಿಗೆ, ಬೆಳ್ಳಕ್ಕಿಯ ತಲೆಯಷ್ಟೂ ಇಲ್ಲದ ಒಂದು ಪುಟ್ಟ ಮುಷ್ಟಿ.

ಮುಷ್ಟಿ ಬಿಚ್ಚಿತು. ಐದು ಬೆರಳು.

"ಇದ್ಯಾವ ಗೊಂಬೆನೇ?" ಎಂದಳು ಮುದುಕಿ. ತಿರುಗಿ ನೋಡಿದರೆ ಬುಟ್ಟಿಯವಳು ಮರಳಿನ ಮೇಲೆ ಮೊಣಕಾಲೂರಿ ಕೂತಿದ್ದಳು. ಮುಖವೆಲ್ಲ ನೀರು. ಕೈಗಳನ್ನು ಸೆರಗಿನಿಂದ ಹೊರಗೆ ತೆಗೆದಿರಲಿಲ್ಲ, ಇನ್ನೂ ಬಿಗಿಯಾಗಿ ಸುತ್ತಿಕೊಂಡಿದ್ದಳು.

ಪುಟ್ಟ ಕೈ ಬಟ್ಟೆಯ ಮೇಲೆ ಅಲ್ಲಿ ಇಲ್ಲಿ ಆಡಿತು. ಯಾರಾದರೂ ಹಿಡಿಯಲಿ ಎಂದು ಕಾದ ಹಾಗಿತ್ತು. ಮುದುಕಿ ಬೆಳ್ಳಕ್ಕಿಯನ್ನು ಮಡಿಲಿಗೆ ಹಾಕಿಕೊಂಡಳು. "ಬಾ ಇಲ್ಲಿ," ಎಂದಳು.

"ಬೇಡ ಅವ್ವ. ನಾನು ಮುಟ್ಟಿದರೆ ನಿಮ್ಮದೂ ಹೋಗ್ತದೆ. ಇವತ್ತೇ ತೆರೆದಿದೆ."

"ನಂಗೆ ಈ ನೀರಾಚೆ ಯಾರಿದ್ದಾರೆ? ನನಗೆ ಹಾರಿಸೋಕೆ ಗೋಡೆ ಸಾಕು. ಬಾ ಅಂದ್ರೆ ಬಾ, ಕೂಸಿನ ಕೈ ಎಷ್ಟು ಹೊತ್ತು ಎತ್ತಿ ಹಿಡೀತಾಳೆ ಬಾಣಂತಿ?"

ಸುಣ್ಣದವನು ಏನೋ ಹೇಳಹೋದ. ತಾಯಿ ಕೇಳಿಸಿಕೊಳ್ಳಲಿಲ್ಲ, ಕಿವಿ ಮಂದವಾಗಿರುವುದರಿಂದ ಕೆಲವು ಅನುಕೂಲಗಳೂ ಇವೆ. ಕೈ ಚಾಚಿ ಬುಟ್ಟಿಯವಳ ಸೆರಗು ಎಳೆದು, ಗಾಯದ ಕಲೆಗಳ ಆ ಕೈಯನ್ನು ಹಿಡಿದು, ದೀಪಕ್ಕೂ ಬಟ್ಟೆಗೂ ನಡುವೆ ಇಟ್ಟಳು.

ದೊಡ್ಡ ಅಂಗೈಯ ನೆರಳಿನ ಒಳಗೆ ಪುಟ್ಟ ಅಂಗೈಯ ನೆರಳು ಬಂದು ಕೂತಿತು. ಸೊಟ್ಟ ಕಿರುಬೆರಳು ಅಕ್ಕನ ಬೆರಳುಗಳನ್ನು ಗುರುತು ಹಿಡಿದು, ಒಮ್ಮೆ ಬಿಗಿಯಾಗಿ ಒತ್ತಿತು. ಅಷ್ಟರಲ್ಲಿ ನಾಲ್ಕು ಅಂಚಿನಿಂದಲೂ ಕಪ್ಪು ಹರಿದು ಬಂತು. ಕೊನೆಯ ತನಕ ಅವಳು ಕೈ ತೆಗೆಯಲಿಲ್ಲ.

ಸುತ್ತಲಿನವರು ಪರದೆ ಎತ್ತಿಕೊಂಡು ದೂರ ಸರಿದರು. ಮರಳು ಖಾಲಿಯಾಯಿತು.

"ಗಂಡೋ ಹೆಣ್ಣೋ?" ಎಂದು ಕೇಳಿದಳು ಮುದುಕಿ.

"ಗೊತ್ತಾಗಲಿಲ್ಲ ಅವ್ವ."

"ಇರಲಿ ಬಿಡು. ಕೈ ಚೆನ್ನಾಗಿ ಬಿಚ್ಚಿತು. ಬದುಕೋ ಕೂಸು."

ಸುಣ್ಣದವನು ತಾಯಿಯನ್ನು ಬೆನ್ನಿಗೆ ಹಾಕಿಕೊಂಡ. ಬುಟ್ಟಿಯವಳು ಅವರ ಪರದೆಯನ್ನು ಎತ್ತಿಕೊಂಡಳು, ಈಗ ಅದನ್ನು ಮುಟ್ಟಲು ಅವಳಿಗೆ ಯಾವ ಭಯವೂ ಇರಲಿಲ್ಲ.